ಏಳನೇ ನಂಬರಿನ ಕೌದಿ

ಬಸಲಿಂಗವ್ವನನ್ನು ಒಂದು ತಿಂಗಳು ನೆಟ್ಟಗೆ ನೋಡಿಕೊಳ್ಳಲು ತಗಲುತ್ತಿದ್ದುದು ಇಷ್ಟು: ದಿನಕ್ಕೆ ನಾಲ್ಕು ಸಲ ಮಗ್ಗುಲು ಹೊರಳಿಸಲು ಎರಡು ಗಟ್ಟಿ ಕೈ. ರಕ್ತದೊತ್ತಡದ ಗುಳಿಗೆ ತರಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಇಡೀ ಹಗಲು. ಪಿಂಚಣಿಯ ಯಂತ್ರ ಹಿಡಿದುಕೊಂಡು ಮನೆಗೆ ಬರುವವನನ್ನು ಹುಡುಕಲು ಇನ್ನೊಂದು ಹಗಲು. ಅವಳ ಹೆಬ್ಬೆರಳಿನ ಗೆರೆಗಳು ಮಗ್ಗದ ನೂಲಿಗೆ ಸವೆದುಹೋಗಿದ್ದರಿಂದ ಯಂತ್ರ ಒಪ್ಪದೆ, ಮತ್ತೆ ಒಂದು ಹಗಲು. ವರ್ಷಕ್ಕೊಮ್ಮೆ, ಆಕೆಗೆ ನಡೆಯಲು ಬರುವುದಿಲ್ಲ ಎಂಬುದನ್ನು ಸಾಹೇಬರಿಗೆ ತೋರಿಸುವುದಕ್ಕಾಗಿ, ಆಕೆಯನ್ನು ಖುರ್ಚಿಯಲ್ಲಿ ಕೂರಿಸಿ ಮೂರನೇ ಮಹಡಿಗೆ ಹೊತ್ತೊಯ್ಯಲು ನಾಲ್ಕು ಜನ. ಇದೆಲ್ಲದರ ಮೇಲೆ ಫಕೀರವ್ವನ ಸೊಂಟ.

ಫಕೀರವ್ವ ಬಸಲಿಂಗವ್ವನ ನೆಗೆಣ್ಣಿ. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು, ಇಬ್ಬರೂ ಈಗ ಇಲ್ಲ. ಸಾಲಿಗುಡ್ಡವೆಂಬ ನೇಕಾರರ ಊರಿನಲ್ಲಿ, ಕೆಳಗಿನ ಓಣಿಯ ಏಳನೇ ಮನೆ ಬಸಲಿಂಗವ್ವನದು, ಎದುರುಸಾಲಿನ ಹನ್ನೆರಡನೇ ಮನೆ ಫಕೀರವ್ವನದು. ನಡುವೆ ಹದಿನಾಲ್ಕು ಹೆಜ್ಜೆ. ಬಸಲಿಂಗವ್ವನ ಬಲಮೈ ಬಿದ್ದುಹೋಗಿ ಆರು ವರ್ಷವಾಗಿತ್ತು. ನಾಲಿಗೆ ಮಾತ್ರ ಬಿದ್ದಿರಲಿಲ್ಲ.

ಆರು ವರ್ಷದಲ್ಲಿ ಲೋಕ ಎಷ್ಟೋ ಮುಂದೆ ಹೋಗಿತ್ತು. ಬಸ್ಸುಗಳಿಗೆ ಡ್ರೈವರ್ ಇರಲಿಲ್ಲ. ಕಂಡಕ್ಟರ್ ಮಾತ್ರ ಇದ್ದ. ಚಿಲ್ಲರೆಗೆ ಜಗಳವಾಡಲು ಯಾರಾದರೂ ಒಬ್ಬ ಮನುಷ್ಯ ಬೇಕಲ್ಲ. ಆದರೆ ಅದೇ ಬಸ್ಸಿನಲ್ಲಿ ಕುಳಿತು ಫಕೀರವ್ವ ಹೋಗುತ್ತಿದ್ದುದು ಹಳೆಯ ಮೂರು ಕಚೇರಿಗಳಿಗೇ. ಗುಳಿಗೆ ಕೊಡುವವರಿಗೆ ಹಸಿವಿನ ವಿಷಯ ಗೊತ್ತಿರಲಿಲ್ಲ. ಊಟ ಕೊಡುವವರಿಗೆ ರೋಗದ ವಿಷಯ ಗೊತ್ತಿರಲಿಲ್ಲ. ಪಿಂಚಣಿಯವರು ಬದುಕಿದ್ದಾಳೋ ಇಲ್ಲವೋ ಅಷ್ಟನ್ನೇ ಕೇಳುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಫಕೀರವ್ವನ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಕಡಲೆಕಾಳಿನಷ್ಟಿತ್ತು. ನೋಯುತ್ತಿರಲಿಲ್ಲ. ಅದು ಏನಿರಬಹುದೆಂದು ಅವಳಿಗೆ ಗೊತ್ತಿಲ್ಲದೇ ಇರಲಿಲ್ಲ. ಓಣಿಯ ಮೇಲಿನ ತುದಿಯ ಸಾಂವಕ್ಕ ಹೋದದ್ದು ಅದರಿಂದಲೇ. ಹುಬ್ಬಳ್ಳಿಯಲ್ಲಿ ಕೊಯ್ಯಿಸಿಕೊಂಡು, ಕಿರಣ ಹಿಡಿಸಿಕೊಂಡು ಬರಲು ಸುಮಾರು ಎರಡು ತಿಂಗಳು. ಬಂದಮೇಲೆ ಆರು ತಿಂಗಳು ಭಾರ ಎತ್ತುವಂತಿಲ್ಲ. ಬಸಲಿಂಗವ್ವನನ್ನು ಎರಡು ದಿನ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹತ್ತು ದಿನ ಬಿಟ್ಟರೆ ಎಲುಬು ಕಾಣುತ್ತದೆ. ಫಕೀರವ್ವ ಹಿತ್ತಿಲ ಬಾವಿಕಟ್ಟೆಯ ಮೇಲೆ ಕುಳಿತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಎದ್ದು ಕುಪ್ಪಸದ ಗುಂಡಿ ಹಾಕಿಕೊಂಡು ಎದುರುಮನೆಗೆ ನಡೆದಳು. ಯಾರಿಗೂ ಹೇಳಲಿಲ್ಲ.

*

ಅದೇ ಬೇಸಿಗೆಯಲ್ಲಿ ಶಮೀಮ್‌ಬಾನು ನದಾಫ ಊರಿಗೆ ಬಂದಳು. ಅವಳ ಅಜ್ಜ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜುತ್ತಿದ್ದವನು. ಮೊಮ್ಮಗಳು ಹಿಂಜುತ್ತಿದ್ದುದು ಬೇರೆ ನಮೂನೆಯ ಎಳೆ. ರೇಷ್ಮೆಯೊಳಗೆ ಇದ್ದಿಲಿನ ಸಣ್ಣ ಪುಡಿ ಕೂಡಿಸಿ ತೆಗೆದ ನೂಲು. ಬಗ್ಗಿದಾಗಲೆಲ್ಲ ಅದರಲ್ಲಿ ಕೂದಲೆಳೆಯಷ್ಟು ವಿದ್ಯುತ್ತು ಹುಟ್ಟುತ್ತಿತ್ತು. ಮಲಗಿದವರ ಎದೆ ಏರಿ ಇಳಿದರೆ ನೂಲು ಬಗ್ಗುತ್ತದೆ. ನಾಡಿ ಮಿಡಿದರೆ ಅದಕ್ಕಿಂತ ಸಣ್ಣಗೆ ಬಗ್ಗುತ್ತದೆ. ಮೈ ಬಿಸಿಯಾದರೆ, ಬೆವರಿದರೆ ಅದೂ ತಿಳಿಯುತ್ತದೆ. ಮೂಲೆಯಲ್ಲೊಂದು ಅಂಗಿಗುಂಡಿಯಷ್ಟು ಬಿಲ್ಲೆ ಆ ಸುದ್ದಿಯನ್ನು ಹೊತ್ತು ಬೀದಿದೀಪದ ಕಂಬಕ್ಕೆ ಮುಟ್ಟಿಸುತ್ತದೆ, ಕಂಬ ಯಾವ ಮನೆಯಿಂದ ಬಂತೆಂದು ಗುರುತು ಹಾಕಿಕೊಂಡು ಕೇಂದ್ರಕ್ಕೆ ಕಳಿಸುತ್ತದೆ. ನಾಡಿನೂಲು ಎಂದು ಅದರ ಹೆಸರು.

ಬೇರೆ ಊರುಗಳಲ್ಲಿ ಅದನ್ನು ಚಾದರದಲ್ಲಿ ಹಾಕಿ ಹಂಚಿದ್ದರಂತೆ. ಜನ ಮಡಿಚಿ ಟ್ರಂಕಿನಲ್ಲಿಟ್ಟರು. ಶಮೀಮ ಸಾಲಿಗುಡ್ಡಕ್ಕೆ ಬಂದದ್ದು ಕೌದಿಗಾಗಿ. ಹಳೆಯ ಸೀರೆ, ಧೋತರದ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಕೌದಿಯನ್ನು ಯಾರೂ ಟ್ರಂಕಿನಲ್ಲಿ ಇಡುವುದಿಲ್ಲ.

"ಅರವತ್ನಾಲ್ಕು ಮನಿಗೆ ಅರವತ್ನಾಲ್ಕು ಕೌದಿ ಬೇಕ್ರಿ ಅಕ್ಕಾರ," ಎಂದಳು ಶಮೀಮ. "ಈ ಓಣ್ಯಾಗ ಛಲೋ ಹೊಲಿಯೋರು ನೀವಂತ."

"ಯಾರು ಹೇಳಿದ್ರು?"

"ಬಸಲಿಂಗವ್ವಾರು."

"ಹಂಗಾದ್ರ ಹೊಟ್ಟಿಕಿಚ್ಚಿಗೆ ಹೇಳಿರತಾಳ," ಎಂದಳು ಫಕೀರವ್ವ. ಆದರೆ ನೂಲನ್ನು ಕೈಯಲ್ಲಿ ಹಿಡಿದು ನೋಡಿದಳು. ತಣ್ಣಗಿತ್ತು, ಬೆರಳಿಗೆ ಸುತ್ತಿದರೆ ಬೆಚ್ಚಗಾಗುತ್ತಿತ್ತು. "ಇದು ಮೈಯೊಳಗಿನ ಗಂಟು ಗಿಂಟು ಹೇಳತೈತೇನು?"

"ಇಲ್ಲ. ಉಸಿರು, ನಾಡಿ, ಬಿಸಿ, ಬೆವರು ಅಷ್ಟ. ನಿದ್ದಿ ಎಷ್ಟು ಬಂತು ಅನ್ನೋದು ಗೊತ್ತಾಗತೈತಿ."

ಹೊಲಿಗೆ ಶುರುವಾಯಿತು. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಹೊಲಿಯುವುದು ಓಣಿಯ ಪದ್ಧತಿ. ಕೌದಿಯ ಹೊಟ್ಟೆ ಬರಿದಿರಬಾರದು, ಬರಿದಿದ್ದರೆ ಹೊದ್ದವರಿಗೆ ಬೆಚ್ಚಗಾಗದು ಎಂದು. ಶಮೀಮಳ ಬಿಲ್ಲೆಯೂ ಅದೇ ಮೂಲೆಗೆ, ರೊಟ್ಟಿಯ ಜೊತೆಗೇ ಹೋಯಿತು. ಬೇಡವೆಂದರೆ ಹೆಂಗಸರು ಕೇಳಲಿಲ್ಲ. ಮೊದಲ ವಾರ ಇಪ್ಪತ್ತನೇ ನಂಬರಿನ ಕೌದಿಗೆ ವಿಪರೀತ ನಡುಕ ಬಂದು ನರ್ಸ್ ಮಾರ್ಥಾ ಓಡಿಹೋಗಿ ನೋಡಿದರೆ, ಬೆಲ್ಲಕ್ಕೆ ಇರುವೆ ಸಾಲು ಹಚ್ಚಿತ್ತು. ಅಂದಿನಿಂದ ಬೆಲ್ಲ ಬಿಟ್ಟು ಬರೀ ರೊಟ್ಟಿ ಇಡಬೇಕೆಂದು ಒಪ್ಪಂದವಾಯಿತು.

ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಫಕೀರವ್ವ ಹೊಲಿದದ್ದು ಅರವತ್ತಮೂರು. ತನಗೆ ಹೊಲಿದುಕೊಳ್ಳಲಿಲ್ಲ. "ಹೊಲಿಯೋಳಿಗೆ ಯಾಕವ್ವ," ಎಂದು ನಕ್ಕುಬಿಟ್ಟಳು. ತನಗೆ ನಿದ್ದೆ ಬರುವುದಿಲ್ಲವೆಂಬುದು ಕೇಂದ್ರದ ಗೋಡೆಯ ಮೇಲೆ ಕಾಣುವುದು ಅವಳಿಗೆ ಬೇಕಿರಲಿಲ್ಲ.

*

ಕೇಂದ್ರ ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಗೋದಾಮು ಮುಚ್ಚಿ ಇಪ್ಪತ್ತು ವರ್ಷವಾಗಿದ್ದರೂ ಗಾಳಿ ಬೀಸಿದರೆ ತೊಲೆಗಳ ಸಂದಿಯಿಂದ ಹತ್ತಿಯ ಎಳೆ ಈಗಲೂ ಇಳಿದುಬರುತ್ತಿತ್ತು. ಒಂದು ಗೋಡೆಯ ತುಂಬ, ಮಗ್ಗಕ್ಕೆ ಹಾಸು ಹೂಡಿದಂತೆ, ಬೆಳಕಿನ ಎಳೆಗಳು ಇಳಿಬಿದ್ದಿದ್ದವು. ಒಂದೊಂದು ಮನೆಗೆ ಒಂದೊಂದು ಜಾಗ, ಒಂದೊಂದು ಕೌದಿಗೆ ಒಂದೊಂದು ಎಳೆ. ಹೊದ್ದವರು ಉಸಿರೆಳೆದರೆ ಎಳೆ ಒಂದಿಷ್ಟು ಉಬ್ಬುತ್ತಿತ್ತು, ಬಿಟ್ಟರೆ ಸಡಿಲಾಗುತ್ತಿತ್ತು. ಹನ್ನೆರಡನೇ ಜಾಗ ಮಾತ್ರ ಖಾಲಿ ಗೋಡೆ.

ಗೋಡೆಯ ಮುಂದೆ ಒಂದೇ ಉದ್ದನೆಯ ಮೇಜು. ಅದಕ್ಕಾಗಿ ಶಮೀಮ ಊರಿಗೆ ಬರುವ ಮೊದಲೇ ಎಂಟು ತಿಂಗಳು ಮೇಲಿನವರ ಜೊತೆ ಗುದ್ದಾಡಿದ್ದಳು. ಆಸ್ಪತ್ರೆಯ ಮಾರ್ಥಾ, ಊಟದ ಕಡೆಯ ಹಾಲಪ್ಪ, ಪಿಂಚಣಿಯ ಗುಮಾಸ್ತ, ಮೂವರೂ ಅದೇ ಮೇಜಿಗೆ ಕೂರಬೇಕು, ಅದೇ ಗೋಡೆ ನೋಡಬೇಕು. ನಡುಕ ಕಂಡಾಗ ಅದು ಜ್ವರದ್ದೋ ಹಸಿವಿನದೋ ಭಯದ್ದೋ ಎಂದು ನೂಲಿಗೆ ತಿಳಿಯುವುದಿಲ್ಲ. ಹಾಗಾಗಿ ಯಾರ ಕೆಲಸವೆಂದು ಮೊದಲೇ ಹಂಚಿಕೊಳ್ಳಲು ಬರುವುದಿಲ್ಲ. ಫಕೀರವ್ವನನ್ನು ಅವರ ಜೊತೆ ಕೂರಿಸಿಕೊಂಡದ್ದು ಯಾವ ಕೌದಿ ಯಾರದು, ಆ ಮನೆಯ ಬಾಗಿಲು ಯಾವ ಕಡೆಗಿದೆ, ಒಳಗೆ ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ ಎಂದು ಹೇಳುವುದಕ್ಕೆ.

ನಲವತ್ತೆಂಟನೇ ಎಳೆ ದಿನಾ ನಾಲ್ಕು ಗಂಟೆಗೆ ನಡುಗುತ್ತಿತ್ತು. ಮಾರ್ಥಾ ಹೋಗಿ ರಕ್ತ ತೆಗೆದುಕೊಂಡು ಬಂದಳು, ಏನೂ ಇಲ್ಲ. ಫಕೀರವ್ವ ಹೇಳಿದಳು: "ಆ ಯಜಮಾನಗ ಹೆಂಡತಿ ದಿನಾ ನಾಲ್ಕಕ್ಕ ಚಹಾ ಕೊಡತಿದ್ಲು. ಆಕಿ ಹೋಗಿ ಮೂರು ತಿಂಗಳಾತು. ತಾ ಮಾಡ್ಕೊಂಡು ಕುಡಿಯೋ ಮನಷ್ಯಾ ಅಲ್ಲ, ಊಟಾನೂ ಬಿಟ್ಟಿರಬೇಕು." ಮರುದಿನದಿಂದ ಹಾಲಪ್ಪ ನಾಲ್ಕಕ್ಕೆ ಥರ್ಮಾಸು ಹಿಡಿದು ಹೋಗಿ ಎದುರಿಗೆ ಕುಳಿತು ತಾನೂ ಕುಡಿದು ಬರತೊಡಗಿದ. ಒಂಬತ್ತನೇ ದಿನಕ್ಕೆ ಎಳೆ ನೆಟ್ಟಗಾಯಿತು. ಯಾವ ಕಾಗದದಲ್ಲಿ ಇದನ್ನು ಬರೆಯಬೇಕೆಂದು ಗುಮಾಸ್ತ ಅರ್ಧ ಗಂಟೆ ಯೋಚಿಸಿದ.

ಬಸಲಿಂಗವ್ವನ ಕೆಲಸವೂ ಹಗುರಾಯಿತು. ಗುಳಿಗೆ ಮನೆಗೇ ಬರುತ್ತಿತ್ತು. ಹೆಬ್ಬೆರಳು ಕೇಳುವುದು ನಿಂತಿತು. ಎಳೆ ಆಡುತ್ತಿದ್ದರೆ ಸಾಕು, ಬದುಕಿದ್ದಾಳೆಂದು ಗುಮಾಸ್ತ ಬರೆದುಕೊಳ್ಳುತ್ತಿದ್ದ. ಹೊರಳಿಸುವ ಕೈಗಳು ಮಾತ್ರ ಫಕೀರವ್ವನವೇ ಆಗಿದ್ದವು. ಬೇರೆಯವರು ಬೇಕೆಂದು ಕೇಳಿದ್ದರೆ ಕಾರಣ ಹೇಳಬೇಕಾಗುತ್ತಿತ್ತು.

ಅವಳಿಗೆ ಇಷ್ಟದ ಹೊತ್ತೆಂದರೆ ಮಧ್ಯಾಹ್ನ ಎರಡು. ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಉಂಡವರು ಅಡ್ಡಾಗುತ್ತಿದ್ದರು. ಆಗ ಗೋಡೆಯ ಮೇಲೆ ಎಳೆಗಳೆಲ್ಲ ಒಂದಾದ ಮೇಲೊಂದು ತುಂಬಿಕೊಂಡು, ಸಡಿಲಾಗಿ, ಮತ್ತೆ ತುಂಬಿಕೊಂಡು, ಇಡೀ ಗೋದಾಮೇ ಉಸಿರಾಡಿದಂತೆ ಕಾಣುತ್ತಿತ್ತು. ಬಾಗಿಲ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮಾತು ನಿಲ್ಲುತ್ತಿತ್ತು. ಗುಮಾಸ್ತನ ಪೆನ್ನೂ ನಿಲ್ಲುತ್ತಿತ್ತು.

ಒಂದು ದಿನ ಅವಳು ಕುಳಿತಲ್ಲೇ ತೂಕಡಿಸಿದಳು. ಕನಸಿನಲ್ಲಿ ಅರವತ್ತಮೂರು ಕೌದಿಗಳೂ ಒಂದೇ ಕೌದಿಯಾಗಿದ್ದವು. ಅದು ಕೆರೆಯ ಏರಿಯವರೆಗೂ ಹಾಸಿತ್ತು, ಜನರೆಲ್ಲ ಅದರ ಕೆಳಗೆ. ಅವಳು ಸೂಜಿ ಹಿಡಿದು ಅಂಚಿನಗುಂಟ ನಡೆಯುತ್ತಿದ್ದಳು, ಕೊನೆಯ ಮೂಲೆ ಮುಚ್ಚಬೇಕು. ಎಷ್ಟು ನಡೆದರೂ ಆ ಮೂಲೆ ಸಿಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ಚೂರು ಮಾತ್ರ ಬೆಚ್ಚಗೇ ಇತ್ತು.

ಎಚ್ಚರವಾದಾಗ ಎಡ ರಟ್ಟೆ ಜೋಮು ಹಿಡಿದಿತ್ತು. ಗಂಟು ಆಗ ಹುಣಸೆಬೀಜದಷ್ಟಾಗಿತ್ತು.

*

ದೀಪಾವಳಿ ಕಳೆದು ವಾರವಾಗಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಏಳನೇ ನಂಬರಿನ ಎಳೆ ಕೆಂಪಾಯಿತು. ನಾಡಿ ನಿಮಿಷಕ್ಕೆ ನೂರಾ ನಲವತ್ತು. ಉಸಿರು ನಲವತ್ತೆರಡು. ಎಪ್ಪತ್ತು ದಾಟಿದ, ಅರ್ಧಮೈ ಬಿದ್ದ ಹೆಂಗಸಿಗೆ ಅದು ಕೊನೆಯ ಗಳಿಗೆ. ಗೋಡೆ ತಾನಾಗಿಯೇ ಆಂಬುಲೆನ್ಸನ್ನು ಕರೆಯಿತು. ಫಕೀರವ್ವ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಬಸಲಿಂಗವ್ವ ದಿಂಬಿಗೆ ಒರಗಿ, ಒಂದು ಹಳೆಯ ಶಾಲು ಹೊದ್ದು ಉಪ್ಪಿಟ್ಟು ತಿನ್ನುತ್ತಿದ್ದಳು. ಸ್ಟ್ರೆಚರ್ ಹಿಡಿದು ಒಳನುಗ್ಗಿದ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಯಾರಿಗೆ ತಂದೀರಪ್ಪ ಅದನ್ನ? ಇನ್ನಾ ನನ್ನ ಉಪ್ಪಿಟ್ಟು ಮುಗದಿಲ್ಲ."

"ಅಕ್ಕಾ, ಕೌದಿ ಎಲ್ಲಿ?" ಎಂದು ಏದುಸಿರು ಬಿಡುತ್ತಾ ಕೇಳಿದಳು ಫಕೀರವ್ವ.

"ಗೋಡಿ ಆಚೆ. ಕಸ್ತೂರಿ ಹಡದಾಳ, ಗೊತ್ತಿಲ್ಲೇನು? ಕೂಸಿನ್ನ ಮೊದಲ ಸುತ್ತೋದು ಓಣ್ಯಾಗಿನ ಎಲ್ಲಾರಕಿಂತ ಹಿರೇಕಿ ಕೌದ್ಯಾಗ. ನನಕಿಂತ ಹಿರೇಕಿ ಯಾರದಾಳ? ಇದ್ರ ಹೇಳು, ಹೋಗಿ ಕಾಲು ಬೀಳತೀನಿ, ಎಬ್ಬಿಸಿ ನಿಲ್ಲಸು."

ಕಸ್ತೂರಿಯ ಮನೆಗೂ ಈ ಮನೆಗೂ ಒಂದೇ ಗೋಡೆ. ಕಂಬಕ್ಕೆ ಅಷ್ಟು ಸಣ್ಣ ವ್ಯತ್ಯಾಸ ತಿಳಿದಿರಲಿಲ್ಲ. ಗೋಡೆಯಾಚೆ, ಏಳನೇ ನಂಬರಿನ ಕೌದಿಯೊಳಗೆ, ಹುಟ್ಟಿ ಮೂರು ತಾಸಾದ ಹೆಣ್ಣುಕೂಸು ಮುಷ್ಟಿ ಕಟ್ಟಿ ಮಲಗಿತ್ತು. ನಾಡಿ ನೂರಾ ನಲವತ್ತು. ಅದಕ್ಕೆ ಅದೇ ಸರಿ.

ಓಣಿ ಎರಡು ದಿನ ನಕ್ಕಿತು. ಮೂರನೇ ದಿನ ಜಿಲ್ಲೆಯಿಂದ ಸವಡಿ ಸಾಹೇಬರು ಬಂದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಆ ಹೊತ್ತಿಗೆ ಆ ಆಂಬುಲೆನ್ಸ್ ಬೇಕಾಗಿದ್ದ ಇನ್ನೊಬ್ಬ ರೋಗಿ ಬೇರೆ ಊರಿನಲ್ಲಿ ಮುಕ್ಕಾಲು ಗಂಟೆ ಕಾದಿದ್ದ. ಅದನ್ನು ಅವರು ಮೆಲ್ಲಗೇ ಹೇಳಿದರು. ಆಗ ಮೇಜಿನ ಸುತ್ತ ಇದ್ದವರ ನಗು ಇಂಗಿತು.

ಹಳೆಯ ದಾಖಲೆ ತೆಗೆದು ನೋಡಿದರೆ, ಅರವತ್ತಮೂರರಲ್ಲಿ ಹನ್ನೊಂದು ಕೌದಿಗಳು ಮನೆ ಬದಲಿಸಿದ್ದವು.

"ನೋಡ್ರಿ ಅಕ್ಕಾರ," ಎಂದರು ಸಾಹೇಬರು, "ಬಸಲಿಂಗವ್ವನ ಕೌದಿ ಅಂದ್ರ ಅದರಾಗ ಬಸಲಿಂಗವ್ವನ ಇರಬೇಕು. ಇವತ್ತು ಕೂಸು, ನಾಳೆ ನಾಯಿಮರಿ ಮಲಗಿದ್ರ ನಾವು ಆಂಬುಲೆನ್ಸ್ ಕಳಸೂದೇನು?"

"ನಾಯಿಮರಿ ಮಲಗಿತ್ರಿ ಸಾಹೇಬ್ರ. ಹೋದ ವಾರ, ಮೂವತ್ತೊಂದರಾಗ," ಎಂದಳು ಫಕೀರವ್ವ.

ಹಾಲಪ್ಪ ಕೆಮ್ಮಿದ. ಸಾಹೇಬರು ನಗಲಿಲ್ಲ. "ಹತ್ತು ದಿನ ಕೊಡತೀನಿ. ಒಂದು ಕೌದಿ, ಒಬ್ಬ ಮನುಷ್ಯ. ಹಂಗ ಆಗಲಿಲ್ಲ ಅಂದ್ರ ನೂಲು ಬಿಚ್ಚಿ ವಾಪಸ್ ತಗೋತೀವಿ, ಮೇಜು ತಿರಗಾ ಮೂರಾಗತಾವ."

ಫಕೀರವ್ವ ಯೋಚಿಸಿದ್ದು ಮೂರನೇ ಮಹಡಿಯ ಮೆಟ್ಟಿಲುಗಳನ್ನು. ಈ ಎದೆ ಇಟ್ಟುಕೊಂಡು ಇನ್ನೊಮ್ಮೆ ಆ ಖುರ್ಚಿಯನ್ನು ಹೊರಲು ತನ್ನಿಂದಾಗದು.

ಒಂಬತ್ತು ದಿನ ಅವಳು ಆ ಹನ್ನೊಂದು ಕೌದಿಗಳ ಹಿಂದೆ ತಿರುಗಿದಳು. ಬೈಯಲೆಂದೇ ಹೋದವಳು, ಪ್ರತಿ ಮನೆಯ ಹೊಸ್ತಿಲಲ್ಲಿ ಕುಳಿತು ನೀರು ಕುಡಿದು, ಬೈಯದೆ ಎದ್ದು ಬಂದಳು. ಹತ್ತನೇ ದಿನ ಸಾಹೇಬರು ಬಂದಾಗ ಎದ್ದು ಗೋಡೆಯ ಹತ್ತಿರ ನಿಂತಳು.

"ಹದಿನೈದನೇ ಕೌದಿ ಮೂವತ್ಮೂರನೇ ಮನಿಗೆ ಹೋಗೈತ್ರಿ. ಅಲ್ಲಿ ಗಂಡಸು ದೊಡ್ಡ ಆಸ್ಪತ್ರಿಯಿಂದ ಬಂದು ಆರು ದಿನ ಆಗಿತ್ತು, ಕಾಲು ತಗದಾರ. ಬಂದಾನಂತ ಮಾರ್ಥಾಗ ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ನಲವತ್ತಕ್ಕ ಹೋಗೈತಿ. ಹೆಂಡತಿ ಸಿಟ್ಟಾಗಿ ತವರಿಗೆ ಹೋಗ್ಯಾಳ, ಅಂವ ಕ್ಷಯದ ಗುಳಿಗಿ ಬಿಟ್ಟು ಕುಂತಾನ. ಐವತ್ತೊಂದು ಹೋದ ಮನ್ಯಾಗ ಒಲಿ ಹಚ್ಚಿ ನಾಲ್ಕು ದಿನ ಆಗಿತ್ತು. ಹನ್ನೊಂದರಾಗ ಒಂಬತ್ತು ಮನಿ ಸುದ್ದಿ ಈ ಮೇಜಿಗೆ ಗೊತ್ತಿರಲಿಲ್ಲ. ಓಣಿಗೆ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳಂಗಿಲ್ರಿ, ಮರ್ಯಾದಿ ಹೋಗತೈತಿ. ಸುಮ್ನ ಒಂದು ಕೌದಿ ಹೊಚ್ಚಿ ಬರತಾರ."

ಸಾಹೇಬರು ಗೋಡೆಯ ಮೇಲೆ ಹದಿನೈದನೇ ಎಳೆಯನ್ನು ಹುಡುಕಿದರು.

"ಕೌದಿ ಹೋದ್ರ ತಪ್ಪು ಅಂತ ನೀವಂತೀರಿ," ಎಂದಳು ಫಕೀರವ್ವ. "ನನಗನ್ನಸೂದು, ಕೌದಿ ಎದ್ದು ಹೋತಂದ್ರನ ಅದು ಸುದ್ದಿ. ಒಳಗ ಮಲಗಿದವರ ನಾಡಿ ಆಮ್ಯಾಲ ನೋಡ್ರಿ."

ಶಮೀಮ ಆಗಲೇ ಏನೋ ಬರೆಯತೊಡಗಿದ್ದಳು. ಸಂಜೆಯೊಳಗೆ ಹೊಸ ಕಟ್ಟಳೆ ತಯಾರಾಯಿತು. ಕೌದಿ ಮನೆ ಬದಲಿಸಿದರೆ ಅದರ ಎಳೆಯೂ ಗೋಡೆಯ ಮೇಲೆ ಆ ಮನೆಯ ಜಾಗಕ್ಕೆ ಸರಿಯಬೇಕು, ಆಂಬುಲೆನ್ಸ್ ಹೋಗಬಾರದು. ಒಂದು ತಾಸಿನೊಳಗೆ ಮೇಜಿನಿಂದ ಒಬ್ಬರು ನಡೆದುಹೋಗಿ, ಏನಾಗಿದೆ ಎಂದು ಕೇಳಬೇಕು. ಕೇಳಿ ಬಂದದ್ದನ್ನು ಎಲ್ಲರೂ ಕೂಡಿ ವಿಚಾರ ಮಾಡಬೇಕು.

"ಇನ್ನೊಂದು ಬರಕೋ ತಂಗಿ," ಎಂದಳು ಫಕೀರವ್ವ. "ಯಾರ ಮನಿ ಅಂತ ನೋಡಬಾರದು. ದೊಡ್ಡವರ ಮನೀನೂ ಇರಲಿ, ನಮ್ಮವರ ಮನೀನೂ ಇರಲಿ. ಹೋಗಿ ಕೇಳಬೇಕಂದ್ರ ಕೇಳಬೇಕು."

ಸಾಹೇಬರು ಸಹಿ ಹಾಕಿ, ಹೋಗುವಾಗ ಬಾಗಿಲಲ್ಲಿ ನಿಂತು, ಆ ನಾಯಿಮರಿ ಚೆನ್ನಾಗಿದೆಯೇ ಎಂದು ಕೇಳಿದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. "ನಾ ಕೊಟ್ಟದ್ದು ಗೋಡಿ ಮ್ಯಾಲ ಬರತೈತಂದ್ರ ಅದೇನು ಕೊಟ್ಟಂಗಾತು?" ಎಂದು ಕಸ್ತೂರಿಯ ಅತ್ತೆ ತನ್ನ ಕೌದಿಯ ಮೂಲೆ ಬಿಚ್ಚಿ ಬಿಲ್ಲೆಯನ್ನು ತಂದು ಮೇಜಿನ ಮೇಲಿಟ್ಟು ಹೋದಳು. ಇನ್ನಿಬ್ಬರು ಹಾಗೇ ಮಾಡಿದರು. ಅವರದು ತಪ್ಪೆನ್ನಲು ಫಕೀರವ್ವನಿಗೆ ಬರುತ್ತಿರಲಿಲ್ಲ.

*

ಪುಷ್ಯ ಮಾಸದ ಒಂದು ಮಧ್ಯಾಹ್ನ. ಮಗ್ಗಗಳು ನಿಂತಿದ್ದವು. ಗೋಡೆ ತುಂಬಿ ಸಡಿಲಾಗುತ್ತಿತ್ತು. ಫಕೀರವ್ವ ಬಲಗೈಯಲ್ಲಿ ಕೆನ್ನೆ ಊರಿ ಕುಳಿತಿದ್ದಳು. ಎಡಗೈ ಮಡಿಲಲ್ಲಿ ಬಿದ್ದಿತ್ತು, ಅದನ್ನು ಮೇಜಿನ ಮೇಲೆ ಇಡಲು ಈಚೆಗೆ ಆಗುತ್ತಿರಲಿಲ್ಲ.

ಏಳನೇ ಎಳೆ ಸಡಿಲಾಯಿತು. ಸಡಿಲಾದದ್ದು ಮತ್ತೆ ತುಂಬಿಕೊಳ್ಳಲಿಲ್ಲ. ಆದರೆ ಎಳೆ ಆರಲಿಲ್ಲ. ಮೆಲ್ಲಗೆ, ಯಾರೋ ಹೊತ್ತುಕೊಂಡು ನಡೆದಂತೆ ತೂಗುತ್ತಾ, ತನ್ನ ಜಾಗ ಬಿಟ್ಟು ಸರಿಯತೊಡಗಿತು. ಎಂಟು, ಒಂಬತ್ತು ದಾಟಿತು. ಹತ್ತು, ಹನ್ನೊಂದನ್ನು ದಾಟಿತು. ಎಂದೂ ಬೆಳಕು ಬೀಳದಿದ್ದ ಹನ್ನೆರಡನೇ ಜಾಗಕ್ಕೆ ಬಂದು ನಿಂತಿತು.

ಅಲ್ಲಿ ಅದು ಅಲುಗಾಡದೆ ನೆಟ್ಟಗೆ ಇಳಿಬಿದ್ದಿತ್ತು. ಒಳಗೆ ಉಸಿರಿಲ್ಲ, ನಾಡಿಯಿಲ್ಲ. ಅಕ್ಕಪಕ್ಕದ ಎಳೆಗಳೆಲ್ಲ ಏರಿ ಇಳಿಯುತ್ತಿರುವಾಗ ಅದೊಂದು ಸುಮ್ಮನೆ ಕಾದು ನಿಂತಂತಿತ್ತು. ಒಂದು ಹತ್ತಿಯ ಎಳೆ ತೇಲಿಬಂದು ಆ ಬೆಳಕಿನಲ್ಲಿ ಹೊಳೆದು ಕೆಳಗಿಳಿಯಿತು. ಫಕೀರವ್ವ ಅದನ್ನು ನೋಡುತ್ತಲೇ ಇದ್ದಳು.

"ಏಳನೇದು ಎದ್ದೈತಿ," ಎಂದಳು ಮಾರ್ಥಾ, ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಹನ್ನೆರಡು ಯಾರ ಮನಿ ಅಕ್ಕಾರ?"

ಫಕೀರವ್ವ ಮಡಿಲಲ್ಲಿದ್ದ ಎಡಗೈಯ ಮೇಲೆ ಸೆರಗು ಎಳೆದುಕೊಂಡಳು.

"ಅಕ್ಕಾರ? ಹನ್ನೆರಡು?"

ಹಾಲಪ್ಪ ತಲೆ ಎತ್ತಿದ. ಗುಮಾಸ್ತನೂ ನೋಡಿದ. ಶಮೀಮಳಿಗೆ ಗೊತ್ತಿತ್ತು, ಆದರೆ ಫಕೀರವ್ವನ ಬಾಯಿಂದಲೇ ಬರಲಿ ಎಂದು ಕಾದಳು.

"ನಂದು," ಎಂದಳು ಫಕೀರವ್ವ.

ಮಾರ್ಥಾ ಮೆಟ್ಟಿದ ಚಪ್ಪಲಿಯನ್ನು ಬಿಚ್ಚಿದಳು. ಖುರ್ಚಿ ಎಳೆದು ಅವಳ ಎದುರಿಗೆ ಕುಳಿತಳು. ಕಟ್ಟಳೆಯಲ್ಲಿ ಬರೆದಿದ್ದಂತೆಯೇ, ಒಂದಕ್ಷರ ಹೆಚ್ಚಿಲ್ಲದೆ, ಕೇಳಿದಳು.

"ಏನಾಗೈತ್ರಿ?"

*

ಎಂಟು ತಿಂಗಳ ನಂತರ ಬಾಯಿಬಿಟ್ಟು ಹೇಳಿ, ಮಾರ್ಥಾಳಿಂದ ಒಳಕೋಣೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು, ಫಕೀರವ್ವ ಓಣಿಗೆ ಬಂದಾಗ ಬಿಸಿಲು ಇಳಿದಿತ್ತು. ತನ್ನ ಮನೆಗೆ ಹೋಗದೆ ನೇರವಾಗಿ ಏಳನೇ ಮನೆಗೆ ಹೋದಳು. ಬಸಲಿಂಗವ್ವ ಅದೇ ಹಳೆಯ ಶಾಲು ಹೊದ್ದಿದ್ದಳು.

"ಕೌದಿ ಯಾರ ಕೈಲಿ ಕಳಸಿದಿ?" ಎಂದಳು ಫಕೀರವ್ವ.

"ಕಸ್ತೂರಿ ಕೈಲಿ. ಕೂಸಿನ್ನ ಒಂದು ಬಗಲಾಗ ಇಟ್ಕೊಂಡು ಇನ್ನೊಂದು ಬಗಲಾಗ ಹೊತಗೊಂಡು ಹೋದ್ಲು."

"ನಿನಗ ಯಾರು ಹೇಳಿದ್ರು?"

"ಯಾರು ಹೇಳಬೇಕು?" ಎಂದಳು ಬಸಲಿಂಗವ್ವ. "ಆರು ವರ್ಷದಿಂದ ದಿನಾ ನಾಲ್ಕು ಸಲ ನನ್ನ ಹೊರಳಸ್ತಿ. ಮೊದಲ ಎದಿಗೆ ಅವಚಿಕೊಂಡು ಹೊರಳಸತಿದ್ದಿ. ದಸರಾದಿಂದ ದೂರ ಹಿಡದು ಹೊರಳಸಾಕತ್ತಿ, ಬಿಸಿ ಗಡಿಗಿ ಹಿಡದಂಗ. ಎಡಗೈ ನನ್ನ ಬೆನ್ನಿಗೆ ಬರತಿತ್ತು, ಅದು ಬರೂದ ಬಿಡ್ತು. ನನಗ ಬಲಮೈ ಗೊತ್ತಾಗಂಗಿಲ್ಲ, ಎಡಮೈ ಗೊತ್ತಾಗತೈತಿ."

"ನನ್ನ ಕೇಳಬೇಕಿತ್ತು."

"ಕೇಳಿದ್ರ ಹೇಳತಿದ್ದೇನು? ಏನೂ ಇಲ್ಲ ಅಂತಿದ್ದಿ. ಅದಕ್ಕ ನಿನ್ನ ಗೋಡಿಗೆ ಹೇಳಿದೆ. ನೀನ ಅಂದಿಯಲ್ಲ, ಯಾರ ಮನಿ ಅಂತ ನೋಡಬಾರದು ಅಂತ."

ಫಕೀರವ್ವ ಮಂಚದ ಅಂಚಿಗೆ ಕುಳಿತಳು. "ನಾ ಹೋದ್ರ ನಿನ್ನ ಯಾರು ಹೊರಳಸೋರು ಅಕ್ಕಾ?"

"ಅವರು ಕೇಳಿದ್ದಕ್ಕ ಏನಂತ ಹೇಳಿದಿ ಆ ಮೇಜಿಗೆ?"

"ಇದನ್ನ ಹೇಳಿದೆ. ಗಂಟಿನ ಸುದ್ದಿ ಆಮ್ಯಾಲ ಹೇಳಿದೆ."

"ಹುಚ್ಚಿ," ಎಂದಳು ಬಸಲಿಂಗವ್ವ. ಎಡಗೈ ಚಾಚಿ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ಮೇಜಿನ ಮೇಲೆ ಅಂದು ಎರಡು ಕಾಗದ ಒಟ್ಟಿಗೆ ತಯಾರಾಗಿದ್ದವು. ಒಂದು ಹುಬ್ಬಳ್ಳಿಯ ಆಸ್ಪತ್ರೆಗೆ. ಇನ್ನೊಂದು ಹನ್ನೊಂದು ಹೆಂಗಸರ ಹೆಸರಿದ್ದ ಪಟ್ಟಿ. ಯಾವ ದಿನ, ಯಾವ ಹೊತ್ತಿಗೆ, ಯಾರಿಬ್ಬರು ಬಸಲಿಂಗವ್ವನನ್ನು ಹೊರಳಿಸಬೇಕೆಂಬುದು. ಮಾರ್ಥಾ ಅವರಿಗೆಲ್ಲ ಗೋದಾಮಿನ ನೆಲದ ಮೇಲೆ ಹೊರಳಿಸುವುದನ್ನು ಕಲಿಸಿದಳು. ಕಲಿಯಲು ರೋಗಿಯಾಗಿ ಮಲಗಿದವನು ಹಾಲಪ್ಪ. ಹೆಂಗಸರು ಅವನನ್ನು ಬೇಕಾದ್ದಕ್ಕಿಂತ ಹೆಚ್ಚೇ ಹೊರಳಿಸಿದರು. ಪಟ್ಟಿಯ ಮೊದಲ ಹೆಸರು ಬಿಲ್ಲೆ ವಾಪಸು ಕೊಟ್ಟು ಹೋಗಿದ್ದ ಕಸ್ತೂರಿಯ ಅತ್ತೆಯದು.

ಏಳನೇ ನಂಬರಿನ ಕೌದಿ ಫಕೀರವ್ವನ ಜೊತೆ ಹುಬ್ಬಳ್ಳಿಗೆ ಹೋಯಿತು. ಊರಿನ ಕಂಬ ದಾಟಿದ ಮೇಲೆ ಎಳೆ ಗೋಡೆಯಿಂದ ಆರಿಹೋಯಿತು. ಆಪರೇಶನ್ ಕೋಣೆಯಲ್ಲಿ ಮದ್ದು ಏರುವಾಗ ಅವಳಿಗೆ ಹಳೆಯ ಕನಸೇ ಬಂತು. ಕೆರೆಯ ಏರಿಯವರೆಗೆ ಹಾಸಿದ ಕೌದಿ, ಅಂಚಿನಗುಂಟ ನಡಿಗೆ. ಈ ಸಲ ಸೂಜಿ ಅವಳ ಕೈಯಲ್ಲಿರಲಿಲ್ಲ. ಅವಳು ಕೌದಿಯ ಕೆಳಗೆ ಮಲಗಿದ್ದಳು. ಕೊನೆಯ ಮೂಲೆ ಅವಳ ಎದೆಯ ಹತ್ತಿರವೇ ತೆರೆದಿತ್ತು, ಯಾರೋ ಅದರೊಳಗೆ ರೊಟ್ಟಿಯ ಚೂರು ಇಟ್ಟು ಮೆಲ್ಲಗೆ ಹೊಲಿಯುತ್ತಿದ್ದರು.

ಅವಳು ಮರಳಿ ಬಂದದ್ದು ಐವತ್ತೆರಡು ದಿನಗಳ ಮೇಲೆ.

ಫಕೀರವ್ವನ ಎಡ ಮೊಲೆ ಹೋಯಿತು. ಎಡಗೈಗೆ ಮೊದಲಿನ ಬಲ ಬರಲಿಲ್ಲ, ಕೌದಿ ಹೊಲಿಯುವುದು ನಿಂತಿತು. ಯಾರಿಗೂ ತಿಳಿಯದಂತೆ ಕೊಡುವುದೆಂಬುದು ಆ ಓಣಿಯಲ್ಲಿ ಇಲ್ಲವಾಯಿತು. ಅದು ಮತ್ತೆ ಬರಲಿಲ್ಲ. ಫಕೀರವ್ವನ ಜೀವ ಉಳಿಯಿತು. ಐವತ್ತೆರಡು ದಿನಗಳಲ್ಲಿ ಬಸಲಿಂಗವ್ವನ ಬೆನ್ನಿನ ಮೇಲೆ ಒಂದು ಹುಣ್ಣೂ ಏಳಲಿಲ್ಲ.